ಎತ್ತ ಹೊಳ್ಳತಾವ ನೋಡು

ಹಿಂಗಾರಿ ಜೋಳ ಹಾಲ್ಗಾಳಿಗೆ ಬಂದಾಗ ಹಕ್ಕಿ ಕಾಯುವುದು ಮುಡಬಿ ಸೀಮೆಯಲ್ಲಿ ಒಂದು ಕಾಲಕ್ಕೆ ಮನೆಮಂದಿಗೆಲ್ಲ ಹಂಚಿಹೋದ ಕೆಲಸವಾಗಿತ್ತು. ನಸುಕಿಗೆ ಒಬ್ಬರು, ಇಳಿಹೊತ್ತಿಗೆ ಇನ್ನೊಬ್ಬರು ಅಟ್ಟ ಹತ್ತಬೇಕು. ಕೈಯಲ್ಲಿ ಕವಣೆ, ಮಗ್ಗುಲಲ್ಲಿ ಬಡಿಯಲಿಕ್ಕೆ ತಗಡಿನ ಡಬ್ಬಿ. ಗುಬ್ಬಿ ಬರುತ್ತಿತ್ತು, ಗಿಳಿ ಬರುತ್ತಿತ್ತು. ಅವು ತಿಂದಷ್ಟು ತಿನ್ನಲಿ ಎನ್ನುವ ಉದಾರತನವೂ ಇತ್ತು. ಹೆದರಿಕೆ ಇದ್ದದ್ದು ಗುಲಾಬಿ ಕಬ್ಬಕ್ಕಿಯದು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುವ ಮೊದಲೇ ದಖನ್ನಿಗೆ ಇಳಿಯಲು ಶುರುಮಾಡುವ ಈ ಹಕ್ಕಿ ಏಪ್ರಿಲ್ ಹೊತ್ತಿಗೆ ಹೊರಟುಹೋಗುತ್ತದೆ. ಒಂಟಿಯಾಗಿ ಬರುವ ಜಾಯಮಾನ ಅದರದಲ್ಲ. ನೂರು, ಸಾವಿರದ ಲೆಕ್ಕದಲ್ಲಿ ಬಂದು ಒಂದು ಹೊಲದ ಮೇಲೆ ಇಳಿಯಿತೆಂದರೆ ತೆನೆ ಬೋಳಾಗುತ್ತಿತ್ತು.

ನಮ್ಮ ಮುತ್ಯಾ ಅಟ್ಟದ ಮೇಲೆ ನನಗೆ ಕೊಟ್ಟ ಪಾಠ ಚಿಕ್ಕದು. “ಯಾವ ಹಕ್ಕಿ ಅಂತ ನೋಡಕೋತ ಕುಂದರಬ್ಯಾಡ. ಎತ್ತ ಹೊಳ್ಳತಾವ ಅದು ನೋಡು. ಅವು ಹೊಳ್ಳೋ ಕಡಿ ಕವಣಿ ಬೀಸು.” ಹಕ್ಕಿ ಇದ್ದಲ್ಲಿಗೆ ಕಲ್ಲು ಹೊಡೆದರೆ ಅದು ತಲುಪುವಷ್ಟರಲ್ಲಿ ಗುಂಪು ಅಲ್ಲಿರುವುದಿಲ್ಲ.

ಮುಂದೆ ನಾನು ಹೊಲ ಬಿಟ್ಟು ಸ್ಟುಡಿಯೋ ಇಟ್ಟೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು, ಲ್ಯಾಮಿನೇಶನ್ ನನ್ನ ಕಸುಬು. ಹಕ್ಕಿಯ ಫೋಟೋ ತೆಗೆಯುವುದು ಹೊಟ್ಟೆಪಾಡಿನದಲ್ಲ, ಹುಚ್ಚಿನದು. ಅದರಲ್ಲೂ ನಾನು ಬೆನ್ನು ಹತ್ತಿರುವುದು ನಿಧಾನದ ಷಟರಿನ ಚಿತ್ರ. ಹಾರುವ ಹಕ್ಕಿಯನ್ನು 1/30, 1/15, ಕೆಲವೊಮ್ಮೆ 1/4 ಸೆಕೆಂಡಿನಷ್ಟು ಹೊತ್ತು ಷಟರ್ ತೆರೆದಿಟ್ಟು ಹಿಡಿಯುವುದು. ಅಂಥದೊಂದನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದೇನೆ. ಫೋಟೋ ತೆಗೆಸಲು ಬಂದವರು ಅದನ್ನು ನೋಡಿ ಸಂಕೋಚದಿಂದಲೇ ಕೇಳುತ್ತಾರೆ: “ಅಣ್ಣಾ, ಇದು ಷೇಕ್ ಆಗ್ಯದಲ್ಲ?” ಹೌದು, ಆಗಿದೆ. ಬೇಕಂತಲೇ ಆಗಿದೆ. ಷೇಕ್ ಆದದ್ದನ್ನು ಯಾಕೆ ಕಟ್ಟು ಹಾಕಿಸಬೇಕು ಎಂಬುದಕ್ಕೆ ಉತ್ತರ ಹೇಳಹೋದರೆ ಹಳೆಯ ಕತೆ ತೆಗೆಯಬೇಕಾಗುತ್ತದೆ.

ಹಕ್ಕಿಯ ಹಾರಾಟಕ್ಕೆ ಕಣ್ಣು ಕೊಟ್ಟು ಕೂತು ಅದನ್ನು ಬರೆದಿಡುವ ಕೆಲಸ ನಮ್ಮ ಸೀಮೆಯಲ್ಲಿ ಕ್ಯಾಮೆರಾ ಹುಟ್ಟುವ ಏಳುನೂರು ವರ್ಷ ಮೊದಲೇ ನಡೆದಿದೆ. ಮುಡಬಿಗೆ ತಾಲ್ಲೂಕು ಬಸವಕಲ್ಯಾಣ. ಅದು ಚಾಲುಕ್ಯರ ಕಲ್ಯಾಣ. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಇಲ್ಲಿಂದ ಆಳಿದ ಅರಸು, 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಐದು ವಿಂಶತಿ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಅಡುಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ಮಲ್ಲಯುದ್ಧ, ಕೋಳಿ ಅಂಕ, ಲಾವುಗೆಯ ಕಾಳಗಗಳ ಸಾಲಿನಲ್ಲೇ ಶ್ಯೇನವಿನೋದವೂ ಇದೆ. ಎಂದರೆ ಡೇಗೆಯನ್ನು ಹಿಡಿದು, ಪಳಗಿಸಿ, ಬೇಟೆಗೆ ಬಿಡುವ ವಿದ್ಯೆ. ಡೇಗೆ ಹಾರಿಸುವವನ ಕಣ್ಣೂ ಅಟ್ಟದ ಮೇಲಿನವನ ಕಣ್ಣೂ ಒಂದೇ ಕಡೆ ಇರುತ್ತವೆ. ಕೈ ಬಿಟ್ಟ ಡೇಗೆ ಎಲ್ಲಿಂದ ಮೇಲೇರಿತು, ಎರೆ ಎತ್ತ ತಿರುಗಿತು, ಇವೆರಡೂ ಎಲ್ಲಿ ಕೂಡುತ್ತವೆ? ಹಕ್ಕಿಯ ಬಣ್ಣ ಪುಕ್ಕ ನೋಡುತ್ತ ನಿಂತರೆ ಅವನಿಗೆ ಬೇಟೆ ದಕ್ಕುವುದಿಲ್ಲ.

ಕ್ಯಾಮೆರಾ ಬಂದಮೇಲೆ ಈ ನೋಟ ಬದಲಾಯಿತು. ನಮ್ಮ ಭಾಗಕ್ಕೆ ಅದು ನಿಜಾಮರ ಆಳ್ವಿಕೆಯಲ್ಲಿ ಬಂತು. ಬೀದರ್ ಜಿಲ್ಲೆ 1948ರವರೆಗೆ ಹೈದರಾಬಾದ್ ಸಂಸ್ಥಾನದ್ದು. ಆ ಸಂಸ್ಥಾನದ ದೊಡ್ಡ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ (1844–1905). ಸಿಕಂದರಾಬಾದಿನಲ್ಲಿ ಸ್ಟುಡಿಯೋ, ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದಲ್ಲಿ ಮನ್ನಣೆ. ಅರಮನೆ, ದರ್ಬಾರು, ಪಲ್ಟನ್ನು, ಶಿಕಾರಿ ಎಲ್ಲವೂ ಅವರ ಗಾಜಿನ ಪ್ಲೇಟುಗಳಲ್ಲಿವೆ. ಆ ಕಾಲದ ಶಿಕಾರಿ ಫೋಟೋಗಳನ್ನು ನೋಡಿ: ಪ್ರಾಣಿ ಸತ್ತು ಮಲಗಿರುತ್ತದೆ, ಮನುಷ್ಯರು ಬಂದೂಕು ಊರಿ ನಿಂತಿರುತ್ತಾರೆ. ಸತ್ತದ್ದು ಅಲ್ಲಾಡುವುದಿಲ್ಲ, ನಿಂತವರು ಉಸಿರು ಬಿಗಿಹಿಡಿಯುತ್ತಾರೆ. ಹಾರುವ ಹಕ್ಕಿಗೆ ಅಂಥ ಚಿತ್ರದಲ್ಲಿ ಜಾಗವಿಲ್ಲ.

ಹಕ್ಕಿಶಾಸ್ತ್ರವೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿತ್ತು. ಸಲೀಂ ಅಲಿ ತಮ್ಮ ಮೊದಲ ದೊಡ್ಡ ಪ್ರಾದೇಶಿಕ ಸಮೀಕ್ಷೆ ಕೈಗೊಂಡದ್ದು ನಮ್ಮ ಹೈದರಾಬಾದ್ ಸಂಸ್ಥಾನದಲ್ಲೇ, 1931–32ರಲ್ಲಿ. ಅದರ ವರದಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಲ್ಲಿ ಬಂತು. ಆಗಿನ ಸಮೀಕ್ಷೆ ಎಂದರೆ ಬಂದೂಕಿನಿಂದ ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟುವುದು. ಬದುಕಿರುವ ಹಕ್ಕಿಯ ನಡವಳಿಕೆ ನೋಡಬೇಕೆಂದು ಹಟ ಹಿಡಿದವರಲ್ಲಿ ಸಲೀಂ ಅಲಿಯೇ ಮುಂಚೂಣಿಯವರು. ಆದರೂ ‘ಇದು ಯಾವ ಹಕ್ಕಿ’ ಎಂಬ ಪ್ರಶ್ನೆ ತೀರಿದ ಮೇಲಷ್ಟೇ ಬೇರೆ ಪ್ರಶ್ನೆಗಳಿಗೆ ಸರದಿ ಬರುತ್ತಿತ್ತು. ಹಕ್ಕಿಯ ಫೋಟೋ ತೆಗೆಯುವವರು ಬಹಳ ಕಾಲ ನಡೆದದ್ದು ಈ ಚೀಟಿಯ ಹಿಂದೆಯೇ.

ಹಾರಾಟವನ್ನೇ ಕೇಳಿದ ಒಬ್ಬ ಮನುಷ್ಯ ದೂರದ ಪ್ಯಾರಿಸ್ಸಿನಲ್ಲಿದ್ದ. ಎತಿಯೆನ್ ಜ್ಯೂಲ್ ಮಾರೆ (1830–1904), ವೃತ್ತಿಯಿಂದ ಶರೀರಶಾಸ್ತ್ರಜ್ಞ. 1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದನ್ನು ಸಾಲು ಕ್ಯಾಮೆರಾ ಇಟ್ಟು ತೋರಿಸಿದಾಗ ಮಾರೆಗೆ ಹಕ್ಕಿಯ ಚಿತ್ರವೂ ಹಾಗೆ ಬೇಕೆನಿಸಿತು. ಹಕ್ಕಿ ಕುದುರೆಯಂತೆ ಹಾಕಿದ ದಾರಿಯಲ್ಲಿ ಓಡುವುದಿಲ್ಲ. ಕ್ಯಾಮೆರಾವೇ ಅದರ ಹಿಂದೆ ಹೋಗಬೇಕು. 1882ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿದ್ದುಕೊಂಡು ಅವನು ಬಂದೂಕಿನ ಆಕಾರದ ಕ್ಯಾಮೆರಾ ಮಾಡಿಸಿದ. ಹೆಗಲಿಗೆ ಆನಿಸಿ ಗುರಿಯಿಟ್ಟು ಕುದುರೆ ಎಳೆದರೆ ದುಂಡನೆಯ ಪ್ಲೇಟು ತಿರುಗುತ್ತ ಸೆಕೆಂಡಿಗೆ 12 ಚಿತ್ರ, ಒಂದೊಂದಕ್ಕೆ 1/720 ಸೆಕೆಂಡು. ಕಡಲಹಕ್ಕಿಗಳಿಗೆ ಗುರಿಯಿಟ್ಟು ಒಂದನ್ನೂ ಕೆಡವದ ಇವನನ್ನು ಅಲ್ಲಿನ ಜನ ಹುಚ್ಚನೆಂದೇ ತಿಳಿದಿದ್ದರಂತೆ.

ಮಾರೆಯ ಮುಂದಿನ ಪ್ರಯೋಗ ನನಗೆ ಇನ್ನೂ ಮುಖ್ಯ. ಕಪ್ಪು ಹಿನ್ನೆಲೆಯ ಮುಂದೆ ಬಿಳಿ ಹಕ್ಕಿ ಹಾರಿಸಿ, ಒಂದೇ ಪ್ಲೇಟಿನ ಮೇಲೆ ಅದರ ಹಲವು ಭಂಗಿಗಳನ್ನು ಒತ್ತೊತ್ತಾಗಿ ಮೂಡಿಸಿದ. ರೆಕ್ಕೆಯ ಮೇಲೆ ರೆಕ್ಕೆ ಬಿದ್ದು ಕಲಸಿಹೋದಾಗ ಲೆಕ್ಕ ಸಿಗದೆಂದು ಅದನ್ನು ಬಿಟ್ಟು, ಒಂದೊಂದು ಭಂಗಿಗೂ ಬೇರೆ ಜಾಗ ಕೊಡುವ ಸುರುಳಿಗೆ ಹೋದ. ಸಿನಿಮಾ ಬಂದದ್ದು ಆ ದಾರಿಯಲ್ಲಿ. ಅವನಿಗೆ ಬೇಡವಾದ ಕಲಸುಮೇಲೋಗರವೇ ಇಟಲಿಯ ಕೆಲವರಿಗೆ ಬೇಕಾಯಿತು. 1913ರಲ್ಲಿ ಚಿತ್ರಕಾರ ಜಾಕೊಮೊ ಬಾಲ್ಲಾ ಹಾರುವ ಬಾನಾಡಿಗಳನ್ನು ರೆಕ್ಕೆಗಳ ಅಲೆಯಾಗಿ ಬರೆದ. ಅದೇ ವರ್ಷಗಳಲ್ಲಿ ಆಂಟನ್ ಜೂಲಿಯೊ ಬ್ರಗಾಲಿಯ ಎಂಬ ಫೋಟೋಗ್ರಾಫರ್ ಮಾರೆಯ ಮೇಲೆ ಜಗಳವನ್ನೇ ತೆಗೆದ: ಚಲನೆಯನ್ನು ತುಂಡು ಮಾಡಿದರೆ ಉಳಿಯುವುದು ಭಂಗಿ ಮಾತ್ರ, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋದ ದಾರಿ ಕಳೆದುಹೋಗುತ್ತದೆ. ಅವನು ಷಟರ್ ತೆರೆದಿಟ್ಟು ಮನುಷ್ಯರ ಕೈ, ತಲೆ ಸರಿದ ಜಾಡನ್ನು ಹಿಡಿದ. ಹಕ್ಕಿಗೆ ಅವನು ಕೈ ಹಾಕಲಿಲ್ಲ. ಆದರೂ ನಿಧಾನದ ಷಟರಿನ ವಾದವನ್ನು ಮೊದಲು ಗಟ್ಟಿಯಾಗಿ ಹೂಡಿದವನು ಅವನೇ.

ಕರ್ನಾಟಕದಲ್ಲಿ ಹಕ್ಕಿಯ ಫೋಟೋ ಕಲೆಯಾಗಿ ಬೆಳೆದದ್ದು ಫಿಲ್ಮ್ ರೋಲಿನ ಕಾಲದಲ್ಲಿ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ (1931–2011) ಇವರೆಲ್ಲ ಆ ತಲೆಮಾರು. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದವರು. ಕಪ್ಪು ಬಿಳುಪಿನಲ್ಲಿ ಬೆಳಕು ಹಿಡಿಯುವುದರಲ್ಲಿ ಎತ್ತಿದ ಕೈ. ಕನ್ನಡ ಓದುಗರಿಗೆ ಹಕ್ಕಿಯ ಹುಚ್ಚು ಹಿಡಿಸಿದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007). ಗಂಟೆಗಟ್ಟಲೆ ಮರೆಯಲ್ಲಿ ಕೂತು ತೆಗೆದ ಚಿತ್ರ, ಜೊತೆಗೆ ‘ಮಿಂಚುಳ್ಳಿ’, ‘ಹಕ್ಕಿ ಪುಕ್ಕ’ದಂಥ ಪುಸ್ತಕಗಳು. ಕಲ್ಯಾಣ ಕರ್ನಾಟಕದ ನಮ್ಮಂಥವರು ಹಕ್ಕಿಗೆ ಕನ್ನಡದಲ್ಲಿ ಹೆಸರಿದೆ ಎಂದು ತಿಳಿದದ್ದೇ ಅವುಗಳಿಂದ. ಈ ಹಿರಿಯರ ಕೆಲಸದಲ್ಲಿ ಸ್ಪಷ್ಟತೆಗೆ ಮೊದಲ ಮಣೆ. ಕಣ್ಣಿನಲ್ಲಿ ಹೊಳಪಿನ ಚುಕ್ಕಿ ಇರಬೇಕು, ಪುಕ್ಕ ಎಣಿಸಲು ಬರಬೇಕು. ಫೋಟೋ ಸಲೋನುಗಳ ತೀರ್ಪುಗಾರರೂ ಅದನ್ನೇ ಬಯಸಿದರು. ಹಕ್ಕಿ ಯಾವುದೆಂದು ಗುರುತಿಸಲಾಗದ ಚಿತ್ರ ಪ್ರಕೃತಿ ವಿಭಾಗದಲ್ಲಿ ನಿಲ್ಲುವುದು ಕಷ್ಟವಿತ್ತು.

ಇದರಲ್ಲಿ ತಪ್ಪೇನಿಲ್ಲ. ಅವರು ಪಟ್ಟ ಪಾಡು ತಿಳಿದವರು ತಪ್ಪೆನ್ನುವುದಿಲ್ಲ. ಸ್ಟುಡಿಯೋಗಳಲ್ಲಿ ಆಗ ಯಾಶಿಕಾ ಮ್ಯಾಟ್. ಅದರ ಷಟರಿನ ತುದಿವೇಗ 1/500. ಮನೆಗಳಲ್ಲಿ ಆಗ್ಫಾ ಕ್ಲಿಕ್ ಡಬ್ಬಿ. ಅದರಲ್ಲಿ ವೇಗವನ್ನು ಬೇಕಾದಂತೆ ಬದಲಿಸುವ ಸೌಕರ್ಯವೇ ಇಲ್ಲ. ಫಿಲ್ಮ್ ಎಂದರೆ ಪೂರ್ವ ಜರ್ಮನಿಯ ಓರ್ವೊ, ಇಲ್ಲವೇ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’. ಲೆಕ್ಕ ಹಾಕಿ ನೋಡಿ: ಹೊತ್ತು ಮುಳುಗುವ ವೇಳೆಗೆ 100ರ ಫಿಲ್ಮ್ ಹಾಕಿ, ಲೆನ್ಸನ್ನು 5.6ಕ್ಕೆ ತೆರೆದರೆ ಸಿಗುವ ವೇಗ ಸುಮಾರು 1/30. ಹಕ್ಕಿಗಳು ಗುಂಪು ಕಟ್ಟಿ ಗೂಡಿಗೆ ಹೊರಡುವುದು ಸರಿಯಾಗಿ ಆ ಹೊತ್ತಿಗೇ. ಬೇಕಿರಲಿ ಬೇಡವಿರಲಿ, ಸಂಜೆಯ ಹಾರಾಟ ಫಿಲ್ಮಿನ ಮೇಲೆ ಜಾಡಾಗಿಯೇ ಬೀಳುತ್ತಿತ್ತು. ಅಂಥ ನೆಗೆಟಿವನ್ನು ದುಡ್ಡು ಕೊಟ್ಟು ಪ್ರಿಂಟ್ ಮಾಡಿಸುವವರು ಯಾರು? ಆಲ್ಬಮ್ಮಿಗೆ ಹೋಗದೆ ಎಸೆಯಲ್ಪಟ್ಟವೇ ಹೆಚ್ಚು.

ಕೊರತೆಯನ್ನೇ ಬೇಕೆಂದು ಆರಿಸಿಕೊಂಡವನಾಗಿ ಹೊರಗಿನ ಜಗತ್ತಿನಲ್ಲಿ ಹೆಸರಾದವನು ಆಸ್ಟ್ರಿಯದಲ್ಲಿ ಹುಟ್ಟಿದ ಅರ್ನ್ಸ್ಟ್ ಹಾಸ್ (1921–1986). 1950ರ ದಶಕದ ಕೊಡಾಕ್ರೋಮ್ ಬಣ್ಣದ ಫಿಲ್ಮ್ ತೀರಾ ಮಂದ, ಅದರ ವೇಗ 10ರ ಆಸುಪಾಸು. ಅದರಲ್ಲಿ ಹಾಸ್ ಸ್ಪೇನಿನ ಗೂಳಿಕಾಳಗವನ್ನು ನಿಧಾನದ ಷಟರಿನಲ್ಲಿ ತೆಗೆದು ಬಣ್ಣದ ಹರಿವಾಗಿಸಿದ. 1971ರ ಅವನ ‘ದಿ ಕ್ರಿಯೇಷನ್’ ಪುಸ್ತಕ ನಿಸರ್ಗದ ಚಿತ್ರವನ್ನು ಹೀಗೂ ನೋಡಬಹುದೆಂದು ಲಕ್ಷಾಂತರ ಮಂದಿಗೆ ತೋರಿಸಿತು. ಆಮೇಲೆ ಡಿಜಿಟಲ್ ಬಂತು, 1/8000 ಸೆಕೆಂಡು ಎಲ್ಲರ ಬೆರಳಿಗೆ ಎಟುಕಿತು. ಮಾರೆ ಜೀವಮಾನವಿಡೀ ಬೆನ್ನಟ್ಟಿದ್ದು ಈಗ ಮದುವೆ ಫೋಟೋದವನ ಬ್ಯಾಗಿನಲ್ಲಿದೆ. ರೆಕ್ಕೆ ನಿಲ್ಲಿಸುವುದು ದೊಡ್ಡ ಮಾತಾಗಿ ಉಳಿಯದ ಮೇಲೆ ಅದನ್ನು ಓಡಲು ಬಿಡುವವರ ಸಂಖ್ಯೆ ಹೆಚ್ಚಿತು.

ಕೆಲಸದ ಮಾತಿಗೆ ಬರುತ್ತೇನೆ. ನಿಧಾನದ ಷಟರಿನಲ್ಲಿ ಎರಡು ದಾರಿ. ಒಂದು, ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುವುದು. ಭಾಲ್ಕಿ ತಾಲ್ಲೂಕಿನ ಕಾರಂಜಾ ಹಿನ್ನೀರಿನ ಮೇಲೆ ಬೂದು ಬಕ ಸೆಕೆಂಡಿಗೆ ಸುಮಾರು ಎರಡು ಸಲ ರೆಕ್ಕೆ ಬಡಿಯುತ್ತ ಸಾವಕಾಶ ಹೋಗುತ್ತದೆ. ಕಾಲು ನೆಟ್ಟು, ಸೊಂಟದಿಂದ ಮೇಲಷ್ಟೇ ತಿರುಗುತ್ತ, ಅದರ ಕಣ್ಣಿನ ಮೇಲೆ ಚುಕ್ಕಿ ಇಟ್ಟು 1/15ರಲ್ಲಿ ಒತ್ತಬೇಕು. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಕೈ ಹದವಾಗಿ ಬಂದರೆ ತಲೆ ಕೊಕ್ಕು ಚೊಕ್ಕವಾಗಿ ಬೀಳುತ್ತವೆ, ರೆಕ್ಕೆಯ ತುದಿ ಬೀಸಣಿಗೆಯಾಗಿ ಹರಡುತ್ತದೆ, ಹಿಂದಿನ ದಂಡೆ ಅಡ್ಡಗೆರೆಗಳಾಗುತ್ತದೆ. ಕೈ ಪಳಗಿಸಲು ಬೀದರ್ ಒಳ್ಳೆಯ ಜಾಗ. 1996ರಲ್ಲಿ ಅಲ್ಲಿ ಹುಟ್ಟಿದ ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳನ್ನು ಕಣ್ಣಿನಿಂದ ಹಿಂಬಾಲಿಸುತ್ತ ಬೆಳೆದ ಹುಡುಗರಿಗೆ ಸೊಂಟ ತಿರುಗಿಸುವುದನ್ನು ಬೇರೆ ಕಲಿಸಬೇಕಿಲ್ಲ.

ಎರಡನೆಯದು ಬ್ರಗಾಲಿಯನ ದಾರಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕದಲದೆ ಇರಬೇಕು, ಹಕ್ಕಿ ತಾನಾಗಿ ಹಾದುಹೋಗಬೇಕು. ಗುಲಾಬಿ ಕಬ್ಬಕ್ಕಿಗೆ ಒಗ್ಗುವುದು ಇದೇ. ಇದರ ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ಗುಲಾಬಿ. ಚಳಿಗಾಲದಲ್ಲಿ ಮಾಸಲಾಗಿದ್ದ ಗುಲಾಬಿ ಮುತ್ತುಗ ಹೂವಾಗುವ ಹೊತ್ತಿಗೆ ನಿಚ್ಚಳವಾಗುತ್ತದೆ. 1/2000ರಲ್ಲಿ ತೆಗೆದರೆ ಗುಂಪು ಬಿಳಿ ಧೋತರದ ಮೇಲೆ ಚೆಲ್ಲಿದ ಎಳ್ಳಿನ ಹಾಗೆ ಕಾಣುತ್ತದೆ. ಒಂದೊಂದು ಹಕ್ಕಿಯೂ ಚೊಕ್ಕ, ಎಲ್ಲವೂ ಎತ್ತ ಹೊರಟವೆಂದು ಮಾತ್ರ ಗೊತ್ತಾಗುವುದಿಲ್ಲ. ಅದೇ ಗುಂಪು 1/15ರಲ್ಲಿ ಬೇರೆಯೇ ಆಗುತ್ತದೆ. ಪ್ರತಿ ಹಕ್ಕಿ ಒಂದು ಗೆರೆ. ಮುಂದಿನ ಸಾಲಿನ ಗೆರೆಗಳು ಎಡಕ್ಕೆ ಬಾಗಿದ್ದರೆ ಹಿಂದಿನವು ಇನ್ನೂ ನೇರವಾಗಿರುತ್ತವೆ. ಬಾಗಿದ ಕಡೆ ಹೊಟ್ಟೆಯ ಗುಲಾಬಿ ಬೆಳಕಿಗೆ ಬಂದು ಬಣ್ಣ ಏರುತ್ತದೆ, ನೇರವಾದ ಕಡೆ ಕಪ್ಪು ಉಳಿಯುತ್ತದೆ. ಹೊಳ್ಳುವಿಕೆ ಎಲ್ಲಿ ಶುರುವಾಯಿತು, ಎಲ್ಲಿಯವರೆಗೆ ಮುಟ್ಟಿತು ಎಂಬುದು ಒಂದೇ ಚಿತ್ರದಲ್ಲಿ ಕಾಣುತ್ತದೆ. ಇನ್ನೂ ಆಸೆಪಟ್ಟು 1/4ಕ್ಕೆ ಇಳಿದರೆ ಗೆರೆಗೆ ಗೆರೆ ಬೆರೆತು ಹೊಗೆಯಾಗುತ್ತದೆ, ಅದೂ ಕೆಲಸಕ್ಕೆ ಬಾರದು.

1/15ರಲ್ಲೇ ಯಾಕೆ ಹದ ಸಿಗುತ್ತದೆ? ಇದಕ್ಕೆ ಉತ್ತರ ರೋಮಿನಿಂದ ಬಂತು. 2000ರ ದಶಕದ ನಡುವೆ ಅಲ್ಲಿನ ರೈಲು ನಿಲ್ದಾಣದ ಎದುರಿನ ಮ್ಯೂಸಿಯಮ್ಮಿನ ಮಾಳಿಗೆ ಮೇಲೆ ವಿಜ್ಞಾನಿಗಳು ಜೋಡಿ ಕ್ಯಾಮೆರಾ ಇಟ್ಟು ಕಬ್ಬಕ್ಕಿಯ ಜಾತಿಯದೇ ಆದ ಸ್ಟಾರ್ಲಿಂಗ್ ಗುಂಪುಗಳನ್ನು ಅಳೆದರು. ಮುಂದೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾರ್ಜಿಯೊ ಪರೀಸಿ ಆ ತಂಡದಲ್ಲಿದ್ದರು. ಪ್ರತಿ ಹಕ್ಕಿಯೂ ತನ್ನ ಸುತ್ತಲಿನ ಆರೇಳು ಹಕ್ಕಿಗಳನ್ನಷ್ಟೇ ಗಮನಿಸಿ ತಿರುಗುತ್ತದೆ ಎಂಬುದು 2008ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ. ಗುಂಪಿಗೆ ಯಜಮಾನನಿಲ್ಲ. ಪಕ್ಕದವರಿಂದ ಪಕ್ಕದವರಿಗೆ ದಾಟುತ್ತ ಹೊಳ್ಳುವಿಕೆ ಇಡೀ ಗುಂಪಿಗೆ ಹಬ್ಬುತ್ತದೆ. ಹಕ್ಕಿಗೂ ಪಕ್ಕದ ಹಕ್ಕಿಗೂ ನಡುವಿನ ಅಂತರ ಒಂದು ಮೀಟರಿನ ಆಸುಪಾಸು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಾರುವ ಹಕ್ಕಿ 1/15 ಸೆಕೆಂಡಿನಲ್ಲಿ ಸಾಗುವುದೂ ಒಂದು ಮೀಟರಿಗಿಂತ ತುಸು ಹೆಚ್ಚು. ಎಂದರೆ ಒಂದರ ಗೆರೆ ಮುಂದಿನದರ ಬುಡಕ್ಕೆ ಮುಟ್ಟುತ್ತದೆ, ಗುಂಪಿನ ನೇಯ್ಗೆ ಕಾಣುತ್ತದೆ. 1/4 ಸೆಕೆಂಡಿನಲ್ಲಿ ನಾಲ್ಕು ಮೀಟರ್, ಗೆರೆಗಳು ಒಂದರ ಮೇಲೊಂದು ಹತ್ತುತ್ತವೆ. 1/2000ರಲ್ಲಿ ಒಂದು ಸೆಂಟಿಮೀಟರಿಗೂ ಕಡಿಮೆ, ಗೆರೆಯೇ ಹುಟ್ಟುವುದಿಲ್ಲ. ರೋಮಿನವರು ಹಾರಾಟವನ್ನು ತಿಳಿದದ್ದು ವೇಗದ ಚಿತ್ರಗಳಿಂದಲೇ ಎಂಬುದನ್ನೂ ಹೇಳಬೇಕು. ಅದಕ್ಕೆ ಅವರಿಗೆ ಸಾಲು ಸಾಲು ಚಿತ್ರ ಮತ್ತು ಗಣಕದ ಲೆಕ್ಕ ಬೇಕಾಯಿತು. ಅಟ್ಟದ ಮೇಲೆ ಕೂತವನು ಆ ಲೆಕ್ಕವನ್ನು ಕಣ್ಣಿನಲ್ಲೇ ಮಾಡುತ್ತಿದ್ದ.

ಈಗ ಅಟ್ಟಗಳು ಕಡಿಮೆಯಾಗಿವೆ. ಬೀದರ್ ಜಿಲ್ಲೆಯ ಹೊಲಗಳಲ್ಲಿ ಸೋಯಾ ಹಬ್ಬಿದೆ, ಕಬ್ಬು ಕಾರ್ಖಾನೆಗಳಿಗೆ ಹೋಗುತ್ತದೆ, ಹಿಂಗಾರಿಗೆ ಕಡಲೆ ಬಿತ್ತುವವರು ಹೆಚ್ಚು. ರೊಟ್ಟಿಗೆಂದು ಒಂದು ಮೂಲೆಯಲ್ಲಿ ಜೋಳ ಹಾಕಿದವರ ಹೊಲವನ್ನೇ ಸುತ್ತಮುತ್ತಲ ಹಕ್ಕಿಗಳೆಲ್ಲ ಹುಡುಕಿಕೊಂಡು ಬರುತ್ತವೆ. ಕಾಯುವ ಮಂದಿ ಇಲ್ಲದ್ದಕ್ಕೆ ಮುಂದಿನ ವರ್ಷ ಅವರೂ ಬಿಡುತ್ತಾರೆ. ಕವಣೆ ಬೀಸುವ ಕೈಗಳ ಜೊತೆ ಗುಂಪಿನ ಹೊಳ್ಳುವಿಕೆ ಓದುವ ಕಣ್ಣುಗಳೂ ಹೋಗುತ್ತಿವೆ. ಹಕ್ಕಿಯ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳು ಬಂದಿವೆ, ಹುಡುಗರು ಚೆನ್ನಾಗಿ ಬಳಸುತ್ತಾರೆ. ಚೀಟಿಯ ಕೆಲಸ ಅಷ್ಟರಮಟ್ಟಿಗೆ ಸುಸೂತ್ರವಾಗಿದೆ. ಹಾರಾಟದ ದಾಖಲೆ ಇಡುವವರು ಬೇಕಾಗಿದ್ದಾರೆ.

ಹಾಗಾಗಿ ನಾನು ಚಿತ್ರದ ಹಿಂದೆ ಹಕ್ಕಿಯ ಹೆಸರು, ಊರು, ತಾರೀಖಿನ ಜೊತೆಗೆ ಷಟರಿನ ವೇಗ, ಕ್ಯಾಮೆರಾ ಮುಖ ಮಾಡಿದ ದಿಕ್ಕು, ಹೊಲದಲ್ಲಿದ್ದ ಬೆಳೆ ಇವನ್ನೂ ಬರೆಯುತ್ತೇನೆ. ಷೇಕ್ ಆಗಿದೆಯಲ್ಲ ಎಂದು ಕೇಳಿದವರಿಗೆ ಅದೇ ಚಿತ್ರದ ಮೇಲೆ ಅಡಿಪಟ್ಟಿ ಇಟ್ಟು ತೋರಿಸುತ್ತೇನೆ. ಗುಲಾಬಿ ಕಬ್ಬಕ್ಕಿಯ ಮೈ ಉದ್ದ ಸುಮಾರು 22 ಸೆಂಟಿಮೀಟರ್. ಅಡ್ಡಲಾಗಿ ಹಾದುಹೋದ ಹಕ್ಕಿ 1/15 ಸೆಕೆಂಡಿನಲ್ಲಿ ಮೈಯ ಐದು ಪಟ್ಟು ಸರಿದಿದ್ದರೆ ಅದರ ವೇಗ ಗಂಟೆಗೆ ಹತ್ತಿರಹತ್ತಿರ 60 ಕಿಲೋಮೀಟರ್. ನಾಲ್ಕು ಪಟ್ಟಾದರೆ 48ರ ಸುಮಾರು. ಕಣ್ಣು ಪುಕ್ಕ ನಿಚ್ಚಳವಾಗಿ ಬಿದ್ದ ಒಂದೇ ಒಂದು ಚಿತ್ರದಿಂದ ಈ ಲೆಕ್ಕ ತೆಗೆಯಲು ಬರುವುದಿಲ್ಲ. ಹಕ್ಕಿ ತೆಗೆಯಲು ಹೊರಟ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಷೇಕ್ ಆಗಿದೆ ಎಂದು ಅಳಿಸುವ ಮುನ್ನ ಷಟರಿನ ವೇಗ ನೋಡಿ ಬರೆದಿಟ್ಟುಕೊಳ್ಳಿ, ಗೆರೆಯ ಉದ್ದ ಅಳೆಯಿರಿ.